ಗಣಿ ತೋಡಿದ ನೆಲದ ಪುನರುದ್ಧಾರವೂ ಗಣಿನೀರಿನ ಶುದ್ಧೀಕರಣವೂ

(ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ರೈತರಿಗಾಗಿ ಒಂದು ಪಾಠ)

ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಭಾಗದಲ್ಲಿರುವ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ನಮ್ಮ ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ಸೀಮೆಗೆ ಸೇರಿದುವು. ವರ್ಷಕ್ಕೆ ಸುಮಾರು ೪೫೦ ರಿಂದ ೬೦೦ ಮಿಲಿಮೀಟರು ಮಳೆಯೇ ಇಲ್ಲಿಯ ಪಾಲು. ಅದರಲ್ಲಿಯೂ ಹೆಚ್ಚಿನದು ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಬೀಳುವುದು. ಕೆಂಪು ಮಸಬಿನ ತೆಳುವಾದ ಪದರ, ಅದರ ಕೆಳಗೆ ಗೊರಚು, ಅದರ ಕೆಳಗೆ ಬಂಡೆ: ಇದು ಇಲ್ಲಿಯ ಹೊಲಗಳ ಸಾಮಾನ್ಯ ಸ್ಥಿತಿ. ಈ ತೆಳುವಾದ ಮಣ್ಣಿನ ಮೇಲೆಯೇ ಶೇಂಗಾ ಬೆಳೆಯೂ, ಕುರಿಮಂದೆಗಳ ಮೇವೂ, ಕೆರೆಗಳ ನೀರೂ ನಿಂತಿವೆ. ಆದುದರಿಂದ ಮಣ್ಣು ಕೆಡುವುದಾಗಲಿ ನೀರು ಕೆಡುವುದಾಗಲಿ ಮಲೆನಾಡಿನ ರೈತನಿಗಿಂತ ಈ ಸೀಮೆಯ ರೈತನಿಗೆ ಹೆಚ್ಚು ನಷ್ಟಕರವಾದುದು.

ಈ ಎರಡು ತಾಲ್ಲೂಕುಗಳ ಬಹುಭಾಗ ಗ್ರಾನೈಟು ಮತ್ತು ನೈಸ್ ಜಾತಿಯ ಶಿಲೆಯಿಂದಾದುದು. ಆದಕಾರಣ ಇಲ್ಲಿ ಕಾಣುವ ಗುಂಡಿಗಳು ಮುಖ್ಯವಾಗಿ ಕಟ್ಟಡದ ಕಲ್ಲು ಮತ್ತು ಜಲ್ಲಿಗಾಗಿ ತೋಡಿದುವು. ಆದರೆ ಜಿಲ್ಲೆಯ ಪಶ್ಚಿಮದ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದುರಿನ ಗಣಿಗಳಿವೆ. ಚಿತ್ರದುರ್ಗದ ಬಳಿ ಇಂಗಳದಾಳಿನಲ್ಲಿ ತಾಮ್ರದ ಗಣಿಯು ಹಲವು ಕಾಲ ನಡೆದು ನಿಂತಿದೆ. ಮೊಳಕಾಲ್ಮೂರಿನ ವಾಯವ್ಯಕ್ಕೆ ಬಳ್ಳಾರಿ ಜಿಲ್ಲೆಯ ಸಂಡೂರಿನ ಕಬ್ಬಿಣದ ಬೆಟ್ಟಗಳಿವೆ. ಹೀಗೆ ಈ ಸೀಮೆಯು ಗಣಿಗಳ ನಡುವೆ ಇರುವುದರಿಂದ, ಹಳ್ಳದ ನೀರಿನಿಂದಲೋ, ಬೇಸಗೆಯ ಗಾಳಿಯ ಧೂಳಿನಿಂದಲೋ, ಬೇರೆಡೆಯಿಂದ ಹೇರಿ ತಂದ ಗೋಡಿನಿಂದಲೋ, ಮೇವನ್ನರಸಿ ಹೋದ ಮಂದೆಯಿಂದಲೋ ಗಣಿಯ ಪರಿಣಾಮವು ಗಣಿಯಿಲ್ಲದ ರೈತನ ಮನೆಗೂ ಮುಟ್ಟಬಹುದು. ತನ್ನ ಹೊಲವನ್ನೇ ಕಲ್ಲುಗಣಿಗೆ ಗುತ್ತಿಗೆ ಕೊಡಬೇಕೆ ಎಂಬ ಪ್ರಶ್ನೆಯೂ ಕೆಲವರ ಮುಂದೆ ಬರುವುದುಂಟು.

ಗಣಿ ತೋಡಿದ ನೆಲವನ್ನು ಮರಳಿ ಉಪಯೋಗಕ್ಕೆ ತರುವ ಬಗೆಯನ್ನೂ, ಗಣಿಯಿಂದ ಹೊರಡುವ ಕೆಟ್ಟ ನೀರನ್ನು ಸರಿಪಡಿಸುವ ಬಗೆಯನ್ನೂ ನಮ್ಮ ದೇಶದ ಮತ್ತು ಹೊರದೇಶಗಳ ವಿಶ್ವವಿದ್ಯಾನಿಲಯಗಳು ಬಹುಕಾಲದಿಂದ ಪರೀಕ್ಷಿಸುತ್ತ ಬಂದಿವೆ. ಆ ಪರೀಕ್ಷೆಗಳ ಸಾರವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ನೆಲವನ್ನು ಸರಿಪಡಿಸುವ ಖರ್ಚು ಗಣಿ ಮುಚ್ಚುವ ದಿನ ಗೊತ್ತಾಗುವುದಲ್ಲ, ತೋಡಲು ಆರಂಭಿಸಿದ ದಿನವೇ ನಿರ್ಧಾರವಾಗುವುದು. ಇದು ಹೇಗೆಂಬುದನ್ನು ಮುಂದೆ ವಿವರಿಸಲಾಗಿದೆ.

ಗಣಿನೀರಿನ ಮೂರು ಬಗೆ

ಗಣಿಯ ನೀರೆಲ್ಲವೂ ಒಂದೇ ಎಂದು ಭಾವಿಸಬಾರದು. ಬಗೆಯನ್ನು ತಿಳಿಯದೆ ಮಾಡಿದ ಚಿಕಿತ್ಸೆಯು ವ್ಯರ್ಥವಾಗುವುದು.

ಮೊದಲನೆಯದು ಕೆನ್ನೀರು. ಸಂಡೂರಿನಂಥ ಕಬ್ಬಿಣದ ಬೆಟ್ಟಗಳ ಅದುರಿನಲ್ಲಿ ಕಬ್ಬಿಣವು ಆಮ್ಲಜನಕದೊಡನೆ ಸೇರಿರುವುದು. ಇದರಿಂದ ಸಾಮಾನ್ಯವಾಗಿ ಆಮ್ಲವು ಹುಟ್ಟುವುದಿಲ್ಲ. ಇಲ್ಲಿಯ ತೊಂದರೆಯೆಂದರೆ ಮಳೆಗೆ ಕೊಚ್ಚಿಬರುವ ನುಣುಪಾದ ಕೆಂಪು ಹಿಟ್ಟು. ಅದು ಹಳ್ಳ ಕಾಲುವೆಗಳಲ್ಲಿ ತುಂಬಿ, ಕೆರೆಯ ಅಂಗಳದಲ್ಲಿ ಕೂತು, ಹೊಲಕ್ಕೆ ನುಗ್ಗಿದಲ್ಲಿ ಒಣಗಿ ಹೆಪ್ಪುಗಟ್ಟುವುದು.

ಎರಡನೆಯದು ಹುಳಿನೀರು. ತಾಮ್ರ, ಸತು ಮೊದಲಾದ ಲೋಹಗಳು ಗಂಧಕದೊಡನೆ ಕೂಡಿರುವ ಶಿಲೆಯನ್ನು ತೋಡಿದಲ್ಲಿ ಈ ನೀರು ಹುಟ್ಟಬಹುದು. ಇಂಗಳದಾಳಿನ ಅದುರಿನಲ್ಲಿ ತಾಮ್ರ, ಕಬ್ಬಿಣ, ಗಂಧಕ ಮೂರೂ ಕೂಡಿದ ಖನಿಜವೂ, ಅದರ ಜೊತೆಗೆ ಹೊನ್ನಿನಂತೆ ಹೊಳೆಯುವ ಪೈರೈಟ್ ಎಂಬ ಖನಿಜವೂ ಇವೆ. ಇಂಥ ಶಿಲೆಯ ನೀರು ಕೆಲವೊಮ್ಮೆ ತೀರ ತಿಳಿಯಾಗಿಯೇ ಕಾಣುವುದು. ಆದರೆ ಅದರಲ್ಲಿ ತಾಮ್ರ, ಸತು ಮತ್ತು ಕಬ್ಬಿಣವು ಕರಗಿರಬಹುದು. ನೀರು ತಿಳಿಯಾಗಿದೆಯೆಂಬುದು ಅದು ಶುದ್ಧವೆಂಬುದಕ್ಕೆ ಸಾಕ್ಷಿಯಲ್ಲ. ಹಳ್ಳದ ಕಲ್ಲುಗಳಿಗೆ ಹಳದಿ ಅಥವಾ ಕಾವಿ ಬಣ್ಣದ ಗಸಿ ಮೆತ್ತಿರುವುದು, ಕಪ್ಪೆ ಮೀನುಗಳು ಕಾಣದಿರುವುದು, ದಡದಲ್ಲಿ ಹುಲ್ಲು ಸುಟ್ಟಂತಿರುವುದು ಇದರ ಗುರುತುಗಳು.

ಮೂರನೆಯದು ಕಲ್ಲುಗುಂಡಿಯ ನೀರು. ಗ್ರಾನೈಟು ತೆಗೆದ ಗುಂಡಿಯಲ್ಲಿ ಮಳೆನೀರು ನಿಂತಿರುವುದು. ಇದರಲ್ಲಿ ಆಮ್ಲದ ಭಯವು ಕಡಮೆ. ಆದರೆ ಬಂಡೆ ಸಿಡಿಸಲು ಉಪಯೋಗಿಸುವ ಮದ್ದಿನಲ್ಲಿ ಅಮೋನಿಯಂ ನೈಟ್ರೇಟ್ ಇರುವುದರಿಂದ, ಗಣಿ ನಡೆಯುತ್ತಿರುವಲ್ಲಿ ಮತ್ತು ಹೊಸದಾಗಿ ನಿಂತಲ್ಲಿ ನೀರಿನಲ್ಲಿ ನೈಟ್ರೇಟ್ ಸೇರಿರುವ ಸಂಭವವುಂಟು. ಹೊಲಕ್ಕೆ ಹಾಯಿಸಲು ಇದು ದೊಡ್ಡ ದೋಷವಲ್ಲ. ಕುಡಿಯಲು, ಅದರಲ್ಲಿಯೂ ಎಳೆಯ ಮಕ್ಕಳಿಗೆ, ಪರೀಕ್ಷಿಸದೆ ಕೊಡಕೂಡದು.

ಆಮ್ಲವು ಹುಟ್ಟುವ ಬಗೆ

ಪೈರೈಟ್ ಎಂಬುದು ಕಬ್ಬಿಣ ಮತ್ತು ಗಂಧಕಗಳ ಸಂಯೋಗ. ಬಂಡೆಯೊಳಗೆ ಗಾಳಿ ತಗಲದೆ ಇರುವವರೆಗೆ ಅದು ಲಕ್ಷಾಂತರ ವರ್ಷ ಸುಮ್ಮನಿರುವುದು. ಅದನ್ನು ಒಡೆದು ಹೊರಗೆ ರಾಶಿ ಹಾಕಿದೊಡನೆ ಗಾಳಿಯ ಆಮ್ಲಜನಕವೂ ಮಳೆಯ ನೀರೂ ಸೇರಿ ಅದರ ಗಂಧಕವನ್ನು ಗಂಧಕಾಮ್ಲವನ್ನಾಗಿ ಮಾರ್ಪಡಿಸುವುವು. ಆ ಆಮ್ಲವು ಇತರ ಲೋಹಗಳನ್ನು ಕರಗಿಸುವುದು. ಕಲ್ಲು ಎಷ್ಟು ನುಣ್ಣಗೆ ಪುಡಿಯಾಗಿರುವುದೋ ಅಷ್ಟು ಬೇಗ ಈ ಕ್ರಿಯೆ ನಡೆಯುವುದು. ಅದುರನ್ನು ಅರೆದು ಲೋಹ ತೆಗೆದ ಮೇಲೆ ಉಳಿಯುವ ಹಿಟ್ಟಿನಂಥ ಮಣ್ಣು ಈ ಕಾರಣದಿಂದಲೇ ಹೆಚ್ಚು ಅಪಾಯಕರವಾದುದು.

ಈ ಕೆಲಸದಲ್ಲಿ ಜೀವಾಣುಗಳ ಪಾತ್ರವೂ ಇದೆಯೆಂಬುದನ್ನು ಅಮೆರಿಕ ದೇಶದ ವೆಸ್ಟ್ ವರ್ಜೀನಿಯ ವಿಶ್ವವಿದ್ಯಾನಿಲಯದ ಕೋಲ್ಮರ್ ಮತ್ತು ಹಿಂಕಲ್ ಎಂಬವರು ೧೯೪೭ರಲ್ಲಿ ಪ್ರಕಟಿಸಿದರು. ಕಲ್ಲಿದ್ದಲು ಗಣಿಯ ಹುಳಿನೀರಿನಲ್ಲಿ ಬಾಳಿ, ಕಬ್ಬಿಣದ ಮೇಲೆ ನಡೆಯುವ ಈ ಕ್ರಿಯೆಯಿಂದಲೇ ತಮ್ಮ ಶಕ್ತಿಯನ್ನು ಪಡೆಯುವ ಬ್ಯಾಕ್ಟೀರಿಯಗಳುಂಟು. ೧೯೭೦ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಿಂಗರ್ ಮತ್ತು ಸ್ಟುಮ್ ಎಂಬವರು, ನಿಧಾನವಾಗಿ ನಡೆಯಬೇಕಾದ ಈ ಕ್ರಿಯೆಯ ಒಂದು ಹಂತವನ್ನು ಇಂಥ ಜೀವಾಣುಗಳು ಸುಮಾರು ಹತ್ತು ಲಕ್ಷ ಪಟ್ಟು ಚುರುಕುಮಾಡಬಲ್ಲುವೆಂದು ತೋರಿಸಿದರು. ಆದಕಾರಣ ಹುಳಿ ಏರಿದ ರಾಶಿಯು ತನ್ನಷ್ಟಕ್ಕೆ ತಣ್ಣಗಾಗುವುದೆಂದು ಕಾಯುವುದು ತಪ್ಪು. ಹುಳಿ ಹೆಚ್ಚಿದಷ್ಟೂ ಅದನ್ನು ಹೆಚ್ಚಿಸುವ ಜೀವಾಣುಗಳೂ ಬಲಿಯುವುವು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಎ. ನಟರಾಜನ್ ಅವರೂ ಅವರ ಸಂಗಡಿಗರೂ ಭಾರತದ ಗಣಿಗಳಲ್ಲಿರುವ ಈ ಜೀವಾಣುಗಳನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿ, ಆಮ್ಲವನ್ನು ಹುಟ್ಟಿಸುವ ಜೀವಾಣುಗಳಂತೆಯೇ ಅದನ್ನು ಪರಿಹರಿಸಲು ನೆರವಾಗುವ ಜೀವಾಣುಗಳನ್ನೂ ಪರೀಕ್ಷಿಸಿದ್ದಾರೆ. ಈ ಸಂಸ್ಥೆಯ ಎರಡನೆಯ ಆವರಣವು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿಯೇ ಇರುವುದನ್ನು ಇಲ್ಲಿ ನೆನೆಯಬಹುದು.

ಆಮ್ಲತೆಯನ್ನು ಅಳೆಯಲು ಪಿ.ಎಚ್. ಎಂಬ ಮಾನವಿದೆ. ೭ ಎಂದರೆ ಸಮಸ್ಥಿತಿ. ಅದಕ್ಕಿಂತ ಕೆಳಗಿಳಿದಷ್ಟೂ ಹುಳಿ. ಒಂದೊಂದು ಮೆಟ್ಟಲು ಇಳಿದಾಗಲೂ ಹುಳಿಯು ಹತ್ತು ಪಟ್ಟಾಗುವುದರಿಂದ, ಪಿ.ಎಚ್. ೪ ಇರುವ ನೀರು ೭ ಇರುವ ನೀರಿಗಿಂತ ೧೦೦೦ ಪಟ್ಟು ಹುಳಿಯಾದುದು. ನೀರಾವರಿಗೆ ೬.೫ ರಿಂದ ೮.೪ ರವರೆಗೆ ಇರುವ ನೀರು ಯೋಗ್ಯ. ದೀರ್ಘಕಾಲ ಹಾಯಿಸುವ ನೀರಿನಲ್ಲಿ ತಾಮ್ರವು ಲೀಟರಿಗೆ ೦.೨ ಮಿಲಿಗ್ರಾಮನ್ನೂ, ಸತುವು ೨ ಮಿಲಿಗ್ರಾಮನ್ನೂ ಮೀರಬಾರದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು ಸೂಚಿಸಿದೆ.

ನೀರನ್ನು ಸರಿಪಡಿಸುವ ಕ್ರಮ

ಕೆನ್ನೀರಿಗೆ ಔಷಧವೆಂದರೆ ನಿಲುಗಡೆ. ತ್ಯಾಜ್ಯ ಮಣ್ಣಿನ ಗುಡ್ಡೆಯ ಸುತ್ತ ಕಾಲುವೆ ತೆಗೆದು ಹೊರಗಿನ ಮಳೆನೀರು ಗುಡ್ಡೆಗೆ ಬಾರದಂತೆ ತಿರುಗಿಸಬೇಕು. ಗುಡ್ಡೆಯ ಬುಡಕ್ಕೆ ಕಲ್ಲಿನ ತಡೆಗೋಡೆ ಕಟ್ಟಬೇಕು. ಕೊರಕಲುಗಳಲ್ಲಿ ಸಾಲುಸಾಲಾಗಿ ಕಲ್ಲೊಡ್ಡು ಹಾಕಬೇಕು. ಕೊನೆಯಲ್ಲಿ ನೀರು ನಿಂತು ಗಸಿ ಇಳಿಯಲು ಹೊಂಡಗಳನ್ನು ತೋಡಬೇಕು. ಹೊಂಡದ ಹೂಳನ್ನು ಪ್ರತಿ ಬೇಸಗೆಯಲ್ಲಿ ತೆಗೆಯದಿದ್ದರೆ ಮುಂದಿನ ಮಳೆಗೆ ಹೊಂಡವು ಇದ್ದೂ ಇಲ್ಲದಂತಾಗುವುದು.

ಹುಳಿನೀರಿಗೆ ನಿಲುಗಡೆಯೊಂದೇ ಸಾಲದು. ಹುಳಿಯನ್ನು ಸುಣ್ಣದಿಂದ ಮುರಿಯಬೇಕು. ಲೆಕ್ಕವು ಸುಲಭವಾದುದು. ಒಂದು ಎಕರೆ ಗುಡ್ಡೆಯ ಮೇಲೆ ೨೫ ಮಿಲಿಮೀಟರು ಮಳೆ ಬಿದ್ದು ಎಲ್ಲವೂ ಹರಿದುಬಂದರೆ ಸುಮಾರು ೧ ಲಕ್ಷ ಲೀಟರು ನೀರಾಗುವುದು. ಆ ನೀರಿನ ಆಮ್ಲತೆಯು ಸುಣ್ಣಕಲ್ಲಿನ ಲೆಕ್ಕದಲ್ಲಿ ಲೀಟರಿಗೆ ೫೦೦ ಮಿಲಿಗ್ರಾಮೆಂದು ಪರೀಕ್ಷೆಯಲ್ಲಿ ಗೊತ್ತಾಯಿತೆಂದು ಭಾವಿಸೋಣ. ಅದನ್ನು ಮುರಿಯಲು ೫೦ ಕಿಲೋಗ್ರಾಂ ಶುದ್ಧ ಸುಣ್ಣಕಲ್ಲಾಗಲಿ, ೩೭ ಕಿಲೋಗ್ರಾಂ ಅರಳಿದ ಸುಣ್ಣವಾಗಲಿ ಬೇಕು. ಸುಣ್ಣದಲ್ಲಿ ಕಲಬೆರಕೆ ಇದ್ದೇ ಇರುವುದರಿಂದಲೂ, ಎಲ್ಲವೂ ನೀರಿನಲ್ಲಿ ಬೆರೆಯದಿರುವುದರಿಂದಲೂ ಸ್ವಲ್ಪ ಹೆಚ್ಚಾಗಿಯೇ ಬೇಕಾಗುವುದು. ಸ್ವಲ್ಪಸ್ವಲ್ಪವಾಗಿ ಹಾಕಿ, ಕಲಕಿ, ಅಳೆದು ನೋಡಬೇಕು. ಹುಳಿ ಮುರಿದಂತೆ ಮೊದಲು ಕಬ್ಬಿಣ, ಅನಂತರ ತಾಮ್ರ, ಇನ್ನೂ ಮೇಲೇರಿದರೆ ಸತು, ಹೀಗೆ ಕ್ರಮವಾಗಿ ಗಸಿಯಾಗಿ ತಳಕ್ಕೆ ಇಳಿಯುವುವು. ಆ ಗಸಿಯಲ್ಲಿ ಲೋಹಗಳೆಲ್ಲವೂ ಸೇರಿರುವುದರಿಂದ ಅದನ್ನು ಗೊಬ್ಬರವೆಂದು ಹೊಲಕ್ಕೆ ಹಾಕಲೇಕೂಡದು. ನೀರು ಇಂಗದ ಗುಂಡಿಯಲ್ಲಿ ಹೂಳಿ ಮುಚ್ಚತಕ್ಕದ್ದು.

ಸುಣ್ಣಕಲ್ಲನ್ನೇ ಕಾಲುವೆಯಲ್ಲಿ ಹರಡಿ ಹುಳಿನೀರನ್ನು ಅದರ ಮೇಲೆ ಹರಿಸಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಇಲ್ಲಿ ಒಂದು ಅಡಚಣೆಯುಂಟು. ಗಾಳಿ ತಗಲಿದಾಗ ಕಬ್ಬಿಣದ ಗಸಿಯು ಕಲ್ಲಿನ ಮೇಲೆ ಕವಚದಂತೆ ಮೆತ್ತಿಕೊಂಡು, ಕೆಲವು ತಿಂಗಳಲ್ಲಿ ಒಳಗಿನ ಸುಣ್ಣವು ನೀರಿಗೆ ಸಿಕ್ಕದಂತಾಗುವುದು. ಇದಕ್ಕಾಗಿ ಗಾಳಿ ಸೇರದಂತೆ ಮೇಲೆ ಜೇಡಿಮಣ್ಣು ಮುಚ್ಚಿದ ಸುಣ್ಣಕಲ್ಲಿನ ಕಾಲುವೆಗಳನ್ನು ಅಮೆರಿಕದಲ್ಲಿ ರೂಢಿಗೆ ತಂದಿದ್ದಾರೆ.

ಇನ್ನೊಂದು ಉಪಾಯವು ನಿಸರ್ಗದಿಂದಲೇ ಕಲಿತುದು. ಅಮೆರಿಕದ ಒಹಾಯೊ ಮತ್ತು ವೆಸ್ಟ್ ವರ್ಜೀನಿಯ ಪ್ರಾಂತಗಳಲ್ಲಿ ಹುಳಿನೀರು ಪಾಚಿ ಬೆಳೆದ ಜೌಗಿನೊಳಗೆ ಹಾದುಬಂದಾಗ ಶುದ್ಧವಾಗಿ ಹೊರಬರುತ್ತಿದ್ದುದನ್ನು ಅಲ್ಲಿಯ ವಿಶ್ವವಿದ್ಯಾನಿಲಯಗಳ ಪಂಡಿತರು ೧೯೭೮ ಮತ್ತು ೧೯೮೨ರಲ್ಲಿ ವರದಿಮಾಡಿದರು. ಗಾಳಿಯಿಲ್ಲದ ಕೆಸರಿನಲ್ಲಿ ಕೊಳೆಯುವ ವಸ್ತುವನ್ನು ತಿಂದು ಬಾಳುವ ಒಂದು ಜಾತಿಯ ಜೀವಾಣುಗಳು ಗಂಧಕದ ಲವಣವನ್ನು ಮಾರ್ಪಡಿಸಿ, ತಾಮ್ರ ಸತುಗಳನ್ನು ಮತ್ತೆ ಕರಗದ ಖನಿಜವನ್ನಾಗಿ ಮಾಡಿ ಕೆಸರಿನಲ್ಲಿಯೇ ಕೂರಿಸುವುವು, ಹುಳಿಯೂ ಮುರಿಯುವುದು. ಸಗಣಿ, ಹುಲ್ಲು, ಮರದ ಹೊಟ್ಟು ಇವೇ ಅವುಗಳಿಗೆ ಆಹಾರ. ಹೀಗೆ ಕೊಟ್ಟಿಗೆಯ ಗೊಬ್ಬರವೇ ಗಣಿನೀರಿಗೆ ಔಷಧವಾಗುವ ಸಂದರ್ಭವುಂಟು.

ಆದರೆ ಆ ದೇಶದ ಕ್ರಮವನ್ನು ಹಾಗೆಯೇ ಇಲ್ಲಿಗೆ ತರುವಂತಿಲ್ಲ. ಅಲ್ಲಿ ವರ್ಷವೆಲ್ಲ ನೀರು ಒಸರುವುದು. ಚಳ್ಳಕೆರೆ ಸೀಮೆಯಲ್ಲಿ ಎಂಟು ಒಂಬತ್ತು ತಿಂಗಳು ನೆಲ ಒಣಗಿರುವುದು. ಜೌಗು ಒಣಗಿ ಬಿರಿದರೆ ಗಾಳಿಯು ಒಳಸೇರಿ, ಕೂತಿದ್ದ ಲೋಹಗಳು ಮತ್ತೆ ಕರಗಿ ಹೊರಡುವುವು. ಇದಲ್ಲದೆ ಬೇಸಗೆಯಲ್ಲಿ ರಾಶಿಯ ಮೇಲೆ ಉಪ್ಪಿನಂತೆ ಮೂಡಿದ ಲವಣಗಳೆಲ್ಲವೂ ಮೊದಲ ಮಳೆಗೆ ಒಮ್ಮೆಲೇ ಕೊಚ್ಚಿಬರುವುವು. ವರ್ಷದಲ್ಲಿ ಅತಿ ಕೆಟ್ಟ ನೀರು ಈ ಮೊದಲ ಹರಿವೇ. ಆದುದರಿಂದ ನಮ್ಮಂಥ ಒಣಸೀಮೆಯಲ್ಲಿ ಮೊದಲ ಒಂದೆರಡು ಮಳೆಯ ನೀರನ್ನು ಹಿಡಿದಿಡುವಷ್ಟು ದೊಡ್ಡದಾದ ಹೊಂಡವೂ, ಅಲ್ಲಿ ಸುಣ್ಣದ ಚಿಕಿತ್ಸೆಯೂ ಮುಖ್ಯವಾದುವು. ವರ್ಷವೆಲ್ಲ ಊಟೆಯಿರುವಲ್ಲಿ ಮಾತ್ರ ಗೊಬ್ಬರದ ಜೌಗನ್ನು ಯೋಚಿಸಬಹುದು.

ಮೇಲ್ಮಣ್ಣಿನ ಲೆಕ್ಕ

ಇನ್ನು ನೆಲದ ವಿಚಾರಕ್ಕೆ ಬರೋಣ. ಒಂದು ಎಕರೆಯಲ್ಲಿ ಅರ್ಧ ಅಡಿ ಆಳದ ಮಣ್ಣು ೨೧,೭೮೦ ಘನ ಅಡಿ, ಎಂದರೆ ಸುಮಾರು ೨೧೮ ಬ್ರಾಸ್ ಆಗುವುದು. ಗಣಿ ತೋಡುವ ಮೊದಲು ಈ ಮಣ್ಣನ್ನು ಕೆತ್ತಿ ಪಕ್ಕದಲ್ಲಿ ಇಡುವುದಕ್ಕೆ ಕೆಲವು ದಿನಗಳ ಯಂತ್ರದ ಬಾಡಿಗೆ ಸಾಕು. ಹಾಗೆ ಮಾಡದೆ ಮಣ್ಣನ್ನು ಕಲ್ಲುಪುಡಿಯೊಡನೆ ಬೆರಸಿ ಗುಡ್ಡೆ ಹಾಕಿದಲ್ಲಿ, ಮುಂದೆ ಅದೇ ಎಕರೆಗೆ ಬೇರೆ ಕಡೆಯಿಂದ ಇಷ್ಟು ಮಣ್ಣನ್ನು ಕೊಂಡು, ಹೇರಿ ತರಬೇಕು. ತರುವುದೆಂದರೆ ಇನ್ನೊಬ್ಬ ರೈತನ ಹೊಲವನ್ನು ಬರಿದುಮಾಡುವುದೆಂದೇ ಅರ್ಥ.

ಹುಳಿಶಿಲೆಯಿರುವಲ್ಲಿ ಲೆಕ್ಕವು ಇನ್ನೂ ಕಠಿಣ. ನೂರಕ್ಕೆ ಒಂದು ಪಾಲು ಗಂಧಕವು ಪೈರೈಟ್ ರೂಪದಲ್ಲಿರುವ ಒಂದು ಟನ್ನು ಕಲ್ಲುಪುಡಿಯು ಕೊಡಬಹುದಾದ ಆಮ್ಲವನ್ನೆಲ್ಲ ಮುರಿಯಲು ೩೧ ಕಿಲೋಗ್ರಾಮಿಗಿಂತ ತುಸು ಹೆಚ್ಚು ಸುಣ್ಣಕಲ್ಲು ಬೇಕು. ಈ ಬಗೆಯ ಲೆಕ್ಕಾಚಾರವನ್ನು ೧೯೭೦ರ ದಶಕದಲ್ಲಿ ವೆಸ್ಟ್ ವರ್ಜೀನಿಯ ವಿಶ್ವವಿದ್ಯಾನಿಲಯದವರು ಕ್ರಮಪಡಿಸಿದರು. ಎಕರೆಯ ಅರ್ಧ ಅಡಿ ಪದರವು ಸುಮಾರು ೯೦೦ ಟನ್ನು ತೂಗುವುದರಿಂದ, ಎಕರೆಗೆ ಸುಮಾರು ೨೮ ಟನ್ನು ಸುಣ್ಣಕಲ್ಲು ಬೇಕಾಯಿತು. ಒಣಬೇಸಾಯದ ಯಾವ ರೈತನೂ ಇಷ್ಟು ಖರ್ಚನ್ನು ತಾನೇ ಹೊರಲಾರನು. ಅಂಥ ಕಲ್ಲನ್ನು ಮೊದಲೇ ಗುರುತಿಸಿ, ಬೇರೆಯಾಗಿ ಇಟ್ಟು, ಗಾಳಿ ನೀರು ತಗಲದಂತೆ ಕೂಡಲೆ ಮುಚ್ಚಿದ್ದರೆ ಈ ಖರ್ಚಿನ ಬಹುಭಾಗವು ಉಳಿಯುತ್ತಿತ್ತು. ಮೊದಲ ದಿನವೇ ಖರ್ಚು ನಿರ್ಧಾರವಾಗುವುದೆಂದು ಮೇಲೆ ಹೇಳಿದುದರ ಅರ್ಥವಿದು.

ತೆಗೆದಿಟ್ಟ ಮೇಲ್ಮಣ್ಣನ್ನೂ ಜೀವಂತವಾಗಿಡಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಬಾಗ್ಯರಾಜ್ ಅವರೂ ಅವರ ಶಿಷ್ಯರೂ ಬೇರಿನೊಡನೆ ಕೂಡಿ ಬಾಳುವ ಶಿಲೀಂಧ್ರಗಳನ್ನು ಕುರಿತು ಬಹಳ ಕೆಲಸಮಾಡಿದ್ದಾರೆ. ಬೇರು ಮುಟ್ಟಲಾರದ ಎಡೆಯಿಂದ ರಂಜಕವನ್ನು ತಂದುಕೊಡುವ ಈ ಶಿಲೀಂಧ್ರಗಳು ಬಡ ಮಣ್ಣಿನಲ್ಲಿ ಗಿಡಕ್ಕೆ ದೊಡ್ಡ ಆಸರೆ. ಮಣ್ಣನ್ನು ಎತ್ತರವಾಗಿ ರಾಶಿ ಹಾಕಿ ವರ್ಷಗಟ್ಟಳೆ ಬಿಟ್ಟರೆ ಒಳಗಿನ ಮಣ್ಣಿಗೆ ಗಾಳಿಯೂ ಬೇರೂ ಇಲ್ಲದೆ ಇವು ಕ್ಷೀಣಿಸುವುವು. ಆದುದರಿಂದ ರಾಶಿಯು ಆಳೆತ್ತರವನ್ನು ಬಹಳ ಮೀರದಂತೆ ಹರಡಿ, ಮೇಲೆ ಹುರುಳಿಯನ್ನೋ ಹುಲ್ಲನ್ನೋ ಬಿತ್ತಿ, ಸಾಧ್ಯವಾದಷ್ಟು ಬೇಗ ಮರಳಿ ಉಪಯೋಗಿಸಬೇಕು.

ನೆಲವನ್ನು ಮರಳಿ ಹಸುರುಮಾಡುವ ಕ್ರಮ

ನಮ್ಮ ರಾಜ್ಯದಲ್ಲಿ ಈ ಕೆಲಸವು ದೊಡ್ಡ ಪ್ರಮಾಣದಲ್ಲಿ ಆರಂಭವಾದುದು ನ್ಯಾಯಾಲಯದ ಆಜ್ಞೆಯಿಂದ. ಸರ್ವೋಚ್ಚ ನ್ಯಾಯಾಲಯವು ೨೦೧೧ನೆಯ ಜುಲೈ ೨೯ರಂದು ಬಳ್ಳಾರಿ ಜಿಲ್ಲೆಯಲ್ಲಿಯೂ, ಆಗಸ್ಟ್ ೨೬ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿಯೂ ಕಬ್ಬಿಣದ ಅದುರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ೨೦೧೩ನೆಯ ಏಪ್ರಿಲ್ ೧೮ರ ತೀರ್ಪಿನಲ್ಲಿ ಗಣಿಗಳನ್ನು ಅವುಗಳ ಅಕ್ರಮದ ಪ್ರಮಾಣಕ್ಕನುಸಾರವಾಗಿ ಮೂರು ವರ್ಗಮಾಡಿ, ಒಂದೊಂದು ಗಣಿಗೂ ಪುನರುದ್ಧಾರದ ಯೋಜನೆಯನ್ನು ಕಡ್ಡಾಯಮಾಡಿತು. ಈ ಯೋಜನೆಗಳನ್ನು ಸಿದ್ಧಪಡಿಸುವ ಕೆಲಸವು ಡೆಹರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತಿಗೆ ಬಂದಿತು. ಮೇಲೆ ಹೇಳಿದ ಸುತ್ತುಗಾಲುವೆ, ತಡೆಗೋಡೆ, ಕಲ್ಲೊಡ್ಡು, ಹೊಂಡ, ಇಳಿಜಾರಿಗೆ ತೆಂಗಿನ ನಾರಿನ ಚಾಪೆ, ಗಿಡ ನೆಡುವಿಕೆ ಇವೆಲ್ಲವೂ ಆ ಯೋಜನೆಗಳ ಅಂಗಗಳು.

ಈ ಕೆಲಸ ನಡೆಯದಿದ್ದರೆ ಏನಾಗುವುದೆಂಬುದಕ್ಕೆ ಕೋಲಾರದ ಚಿನ್ನದ ಗಣಿಯ ನಿದರ್ಶನವಿದೆ. ೨೦೦೧ನೆಯ ಫೆಬ್ರವರಿ ೨೮ರಂದು ಆ ಗಣಿಯು ಮುಚ್ಚಿತು. ಅದುರನ್ನು ಅರೆದುಳಿದ ಹಿಟ್ಟುಮಣ್ಣಿನ ದಿಬ್ಬಗಳು, ಜನರು ಸೈನೈಡ್ ದಿಬ್ಬಗಳೆಂದು ಕರೆಯುವಂಥವು, ಗಣಿ ಮುಚ್ಚಿದ ಮೇಲೆಯೂ ಊರಿನ ನಡುವೆಯೇ ಉಳಿದುವು. ಬೇಸಗೆಯ ಗಾಳಿಗೆ ಅವುಗಳ ಧೂಳು ಮನೆಗಳ ಮೇಲೆ ಬೀಳುವುದು ಅಲ್ಲಿಯವರಿಗೆ ಚಿರಪರಿಚಿತ. ಚಳ್ಳಕೆರೆ ಮೊಳಕಾಲ್ಮೂರುಗಳ ಆಷಾಢದ ಗಾಳಿಯನ್ನು ಬಲ್ಲವರು ಮುಚ್ಚದ ರಾಶಿಯ ಕಷ್ಟವನ್ನು ಸುಲಭವಾಗಿ ಊಹಿಸಬಲ್ಲರು.

ಒಣಸೀಮೆಯ ನೆಲಕ್ಕೆ ಅನುಸರಿಸತಕ್ಕ ಕ್ರಮವು ಈ ಮೇರೆಗೆ ಇರುವುದು. ಮೊದಲು ಗುಡ್ಡೆಯ ಕಡಿದಾದ ಬದಿಯನ್ನು ಒಂದಾಳು ಎತ್ತರಕ್ಕೆ ಎರಡಾಳು ಅಗಲಕ್ಕಿಂತ ಕಡಿದಾಗದಂತೆ ಇಳಿಜಾರುಮಾಡಿ, ನಡುನಡುವೆ ಮೆಟ್ಟಲು ಬಿಡಬೇಕು. ಎರಡನೆಯದಾಗಿ ಮಣ್ಣನ್ನು ಪರೀಕ್ಷೆಗೆ ಕಳುಹಿಸಿ, ಹುಳಿಯಿದ್ದರೆ ಸುಣ್ಣ ಹಾಕಬೇಕು. ಮೂರನೆಯದಾಗಿ ಕೂಡಿಟ್ಟ ಮೇಲ್ಮಣ್ಣನ್ನು ಹರಡಿ, ಕೊಟ್ಟಿಗೆ ಗೊಬ್ಬರವನ್ನು ಸೇರಿಸಬೇಕು. ನಾಲ್ಕನೆಯದಾಗಿ ಆಗಸ್ಟಿನ ಕೊನೆಯಿಂದ ಸೆಪ್ಟೆಂಬರಿನ ಹದಮಳೆಯೊಳಗೆ ಹುಲ್ಲನ್ನೂ, ಹುರುಳಿ, ಸ್ಟೈಲೋ ಮುಂತಾದ ಸಾರಜನಕವನ್ನು ಹಿಡಿಯುವ ಸಸ್ಯಗಳನ್ನೂ ಬಿತ್ತಬೇಕು. ಇವು ಮಣ್ಣನ್ನು ಮೊದಲ ವರ್ಷವೇ ಹಿಡಿಯುವುವು. ಅನಂತರ ತಂಗಡಿ, ಬಂದರಿಕೆಯಂಥ ಪೊದೆಗಳನ್ನೂ, ಬೇವು, ಹೊಂಗೆ, ಕಮರ, ಬಾಗೆ ಮೊದಲಾದ ಮರಗಳನ್ನೂ ಅರ್ಧಚಂದ್ರಾಕಾರದ ಪಾತಿಯಲ್ಲಿ ನೆಡಬೇಕು. ಕಡೆಯದಾಗಿ ಮೂರು ವರ್ಷವಾದರೂ ದನಕುರಿಗಳು ಮೇಯದಂತೆ ಕಾಯಬೇಕು. ಈ ಕಡೆಯ ಕೆಲಸವು ಊರಿನವರ ಒಪ್ಪಿಗೆಯಿಲ್ಲದೆ ಬೇಲಿಯೊಂದರಿಂದಲೇ ನಡೆಯುವಂಥದಲ್ಲ.

ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಜೆ. ಎಸ್. ಸಿಂಗ್ ಅವರೂ ಅವರ ಸಹೋದ್ಯೋಗಿಗಳೂ ಸಿಂಗ್ರೌಲಿಯ ಕಲ್ಲಿದ್ದಲು ಗಣಿಯ ತ್ಯಾಜ್ಯ ಮಣ್ಣಿನ ಮೇಲೆ ನೆಟ್ಟ ಮರಗಳನ್ನು ಪರೀಕ್ಷಿಸಿ, ಮರಗಳ ಕೆಳಗೆ ಮಣ್ಣಿನ ಸಾರಜನಕವೂ ಸೂಕ್ಷ್ಮಜೀವಿಗಳೂ ವರ್ಷ ವರ್ಷಕ್ಕೆ ಹೆಚ್ಚುವುದನ್ನೂ, ಆದರೆ ಎಲ್ಲ ಜಾತಿಯ ಮರಗಳೂ ಒಂದೇ ಸಮನಾಗಿ ಈ ಕೆಲಸವನ್ನು ಮಾಡುವುದಿಲ್ಲವೆಂಬುದನ್ನೂ ತೋರಿಸಿದ್ದಾರೆ. ನಮ್ಮಲ್ಲಿ ಬಿಟ್ಟ ನೆಲದ ಮೇಲೆ ಬಳ್ಳಾರಿ ಜಾಲಿಯು ತಾನಾಗಿಯೇ ಹಬ್ಬುವುದು. ಅದನ್ನು ನೋಡಿ ನೆಲವು ಸರಿಯಾಯಿತೆಂದು ತಿಳಿಯಬಾರದು. ನೆಲವು ಸುಧಾರಿಸಿದೆಯೆ ಎಂಬುದನ್ನು ಮಣ್ಣಿನ ಪರೀಕ್ಷೆಯೇ ಹೇಳಬೇಕು.

ಕುರಿ, ಮೇವು ಮತ್ತು ಕೆರೆಗೋಡು

ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ಬ್ರಾಡ್‌ಷಾ ಎಂಬ ಪಂಡಿತರು ಹಳೆಯ ಗಣಿಗಳ ಲೋಹಭರಿತ ಮಣ್ಣಿನಲ್ಲಿಯೂ ಬೆಳೆಯಬಲ್ಲ ಹುಲ್ಲಿನ ತಳಿಗಳನ್ನು ಗುರುತಿಸಿ, ಬರಡು ದಿಬ್ಬಗಳನ್ನು ಹಸುರುಮಾಡುವುದಕ್ಕೆ ದಾರಿ ತೋರಿದರು. ಇದರಿಂದ ನಮ್ಮ ಕುರಿಗಾರರು ಕಲಿಯತಕ್ಕ ಇನ್ನೊಂದು ಪಾಠವಿದೆ: ಲೋಹವಿರುವ ಮಣ್ಣಿನಲ್ಲಿಯೂ ಹುಲ್ಲು ಹಸುರಾಗಿ ಬೆಳೆಯಬಲ್ಲುದಾದ್ದರಿಂದ, ಹುಲ್ಲು ಹಸುರಾಗಿರುವುದು ಮೇವು ಒಳ್ಳೆಯದೆಂಬುದಕ್ಕೆ ಪ್ರಮಾಣವಲ್ಲ.

ಸಾಕುಪ್ರಾಣಿಗಳಲ್ಲಿ ಕುರಿಯಷ್ಟು ತಾಮ್ರವನ್ನು ತಾಳಲಾರದುದು ಬೇರೊಂದಿಲ್ಲ. ದನಕ್ಕೆ ಏನೂ ಮಾಡದಷ್ಟು ತಾಮ್ರವು ಕುರಿಗೆ ವಿಷವಾಗಬಹುದು. ಮೇವಿನೊಡನೆಯೂ, ಮೇಯುವಾಗ ಒಳಸೇರುವ ಧೂಳಿನೊಡನೆಯೂ ಹೋದ ತಾಮ್ರವು ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ವಾರ ತಿಂಗಳುಗಳ ಕಾಲ ಕೂಡುತ್ತ ಹೋಗುವುದು. ಹೊರಗೆ ಯಾವ ಗುರುತೂ ಕಾಣದು. ದೂರದ ನಡಿಗೆ, ಮೇವಿನ ಕೊರತೆ ಮುಂತಾದ ಆಯಾಸವಾದಾಗ ಅದು ಒಮ್ಮೆಲೇ ರಕ್ತಕ್ಕೆ ಇಳಿದು, ಕಣ್ಣು ಒಸಡುಗಳು ಹಳದಿಯಾಗಿ, ಮೂತ್ರವು ಕೆಂಪಾಗಿ, ಒಂದೆರಡು ದಿನಗಳಲ್ಲಿ ಕುರಿಯು ಸಾಯುವುದು. ಆದಕಾರಣ ತಾಮ್ರದ ಗಣಿಯ ಹಿಟ್ಟುಮಣ್ಣಿನ ದಿಬ್ಬಗಳ ಬಳಿ ಮಂದೆಯನ್ನು ಬಿಡಲೂ ಕೂಡದು, ಅಲ್ಲಿಯ ನೀರನ್ನು ಕುಡಿಸಲೂ ಕೂಡದು. ಇಂಥ ಲಕ್ಷಣ ಕಂಡೊಡನೆ ಪಶುವೈದ್ಯರಿಗೆ ಮಂದೆ ಎಲ್ಲಿ ಮೇಯ್ದಿತೆಂಬುದನ್ನು ಮರೆಯದೆ ತಿಳಿಸಬೇಕು.

ಬೇಸಗೆಯಲ್ಲಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವುದು ನಮ್ಮ ಹಿರಿಯರಿಂದ ಬಂದ ಒಳ್ಳೆಯ ಪದ್ಧತಿ. ಅದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಗಣಿಯ ಹಳ್ಳವು ಸೇರುವ ಕೆರೆಯ ಗೋಡಿನಲ್ಲಿ ಬೆಳೆಗೆ ಬೇಕಾದ ಜೇಡಿ ಮತ್ತು ಸಾವಯವ ಅಂಶಗಳಿಗೆ ಬದಲು ಕಲ್ಲಿನ ಹಿಟ್ಟೇ ತುಂಬಿರಬಹುದು. ಶೇಂಗಾ ಗಿಡವು ಹೂ ಕಟ್ಟಿದ ಮೇಲೆ ಸೂಜಿಯಂಥ ಕುಡಿಗಳನ್ನು ನೆಲಕ್ಕಿಳಿಸಿ ಮಣ್ಣಿನೊಳಗೆ ಕಾಯಿ ಕಟ್ಟುವುದೆಂಬುದು ಎಲ್ಲರಿಗೂ ತಿಳಿದಿದೆ. ಮೇಲ್ಪದರವು ಹಿಟ್ಟಿನಿಂದ ಹೆಪ್ಪುಗಟ್ಟಿದರೆ ಕುಡಿಯು ಒಳಗಿಳಿಯಲಾರದು. ಗಿಡ ಹುಲುಸಾಗಿದ್ದರೂ ಕಿತ್ತು ನೋಡಿದರೆ ಕಾಯಿ ಇರದು. ಗೋಡನ್ನು ಹೇರುವ ಮೊದಲು ಒಂದು ಹಿಡಿಯನ್ನು ನೀರಿನಲ್ಲಿ ಕಲಸಿ ಉಂಡೆಮಾಡಿ ಒಣಗಿಸಿ ನೋಡುವುದೂ, ಒಂದು ಮಾದರಿಯನ್ನು ಪರೀಕ್ಷೆಗೆ ಕಳುಹಿಸುವುದೂ ಒಳಿತು. ಒಣಗಿದ ಉಂಡೆಯು ಬೆರಳಿನಲ್ಲಿ ಪುಡಿಯಾಗದೆ ಇಟ್ಟಿಗೆಯಂತೆ ಗಟ್ಟಿಯಾಗಿದ್ದರೆ ಪರೀಕ್ಷೆಯ ಫಲ ಬರುವವರೆಗೆ ಶೇಂಗಾ ಹೊಲಕ್ಕೆ ಹಾಕದಿರುವುದು ಕ್ಷೇಮ.

ಮಣ್ಣು ಮತ್ತು ನೀರಿನ ಮಾದರಿಗಳನ್ನು ಕುರಿತು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ, ಹಿರಿಯೂರಿನ ಬಬ್ಬೂರು ಫಾರಮಿನಲ್ಲಿರುವ ಕೃಷಿ ಸಂಶೋಧನಾ ಕೇಂದ್ರದಲ್ಲಿಯೂ ವಿಚಾರಿಸಬಹುದು. ಮಾದರಿ ಕೊಡುವಾಗ ಗಣಿಯ ಸಂಬಂಧವನ್ನು ಬಾಯಿಬಿಟ್ಟು ಹೇಳಿ, ಪಿ.ಎಚ್. ಜೊತೆಗೆ ತಾಮ್ರ, ಸತು, ಕಬ್ಬಿಣಗಳ ಅಂಶವನ್ನೂ ನೋಡಬೇಕೆಂದು ಕೇಳಿಕೊಳ್ಳಬೇಕು. ನೀರಿನ ಮಾದರಿಯನ್ನು ಮೊದಲ ಮಳೆಯಲ್ಲಿ ಒಮ್ಮೆ, ಮಳೆಗಾಲದ ಕೊನೆಯಲ್ಲಿ ಒಮ್ಮೆ, ಹೀಗೆ ಎರಡು ಸಲ ತೆಗೆಯುವುದು ಲೇಸು.

ಗುತ್ತಿಗೆಯ ಕಾಗದಕ್ಕೆ ಮೊದಲು

ಕಡೆಯದಾಗಿ, ತನ್ನ ಹೊಲದಲ್ಲಿ ಕಲ್ಲುಗಣಿಗೆ ಒಪ್ಪಿಗೆ ಕೊಡುವ ರೈತನಿಗೆ ಒಂದು ಮಾತು. ಕಬ್ಬಿಣ ತಾಮ್ರಗಳಂಥ ದೊಡ್ಡ ಖನಿಜಗಳ ಗಣಿಗಳಿಗೆ ಅನ್ವಯಿಸುವ ೨೦೧೭ನೆಯ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು ನೆಲದ ಪುನರುದ್ಧಾರಕ್ಕೆ ಉಪಯೋಗಿಸಬೇಕೆಂದು ವಿಧಿಸಿವೆ. ಕಟ್ಟಡದ ಕಲ್ಲು ಈ ನಿಯಮಗಳಿಗೆ ಒಳಪಡುವ ಖನಿಜವಲ್ಲವಾದರೂ, ಅದೇ ಷರತ್ತನ್ನು ರೈತನು ತನ್ನ ಕರಾರಿನಲ್ಲಿ ಬರೆಯಿಸಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮೇಲ್ಮಣ್ಣನ್ನು ಎಲ್ಲಿ ಇಡುವರು, ಅದನ್ನು ಮಾರತಕ್ಕದ್ದಲ್ಲವೆಂಬ ಮಾತು, ಗುಂಡಿಯ ಬದಿಯನ್ನು ಮೆಟ್ಟಲುಮಾಡಿ ಸುತ್ತ ಬೇಲಿ ಹಾಕುವ ಹೊಣೆ, ಮಳೆನೀರು ನೆರೆಯವನ ಹೊಲಕ್ಕೆ ನುಗ್ಗದಂತೆ ಕಾಲುವೆ, ಜಲ್ಲಿಯ ಧೂಳಿಗೆ ನೀರು ಚಿಮುಕಿಸುವ ಏರ್ಪಾಡು, ಗಣಿ ಮುಗಿದ ಮೇಲೆ ಮಣ್ಣನ್ನು ಮರಳಿ ಹರಡುವ ಗಡುವು, ಇವುಗಳನ್ನು ಒಂದೊಂದಾಗಿ ಕಾಗದದಲ್ಲಿ ಕಾಣಿಸಬೇಕು. ಕಲ್ಲಿಗೆ ಬರುವ ಹಣವನ್ನು ಎಣಿಸುವಾಗಲೇ, ಆ ಎಕರೆಯು ಮುಂದೆ ಮಕ್ಕಳ ಕಾಲಕ್ಕೆ ಕೊಡಬೇಕಾಗಿದ್ದ ಬೆಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

೨೦೧೫ರಲ್ಲಿ ಗಣಿಗಾರಿಕೆಯ ಕಾಯಿದೆಯ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಏರ್ಪಟ್ಟಿವೆ. ಗಣಿಯಿಂದ ಬಾಧಿತವಾದ ಊರುಗಳ ಕುಡಿಯುವ ನೀರು, ಆರೋಗ್ಯ, ಪರಿಸರ ಇವುಗಳಿಗಾಗಿ ಈ ನಿಧಿಯು ಇರುವುದು. ಹಳ್ಳದಲ್ಲಿ ಹಳದಿ ಗಸಿ ಕಂಡ ಊರಿನವರು, ಕೆರೆಯಲ್ಲಿ ಕೆಂಪು ಹೂಳು ತುಂಬಿದ ಊರಿನವರು, ಪರೀಕ್ಷೆಯ ವರದಿಯನ್ನು ಕೈಯಲ್ಲಿಟ್ಟುಕೊಂಡು ಗ್ರಾಮಸಭೆಯಲ್ಲಿ ವಿಷಯವನ್ನು ಎತ್ತಿ, ಸಭೆಯ ನಡಾವಳಿಯಲ್ಲಿ ಬರೆಯಿಸಿ, ಸಂಬಂಧಪಟ್ಟ ಅಧಿಕಾರಿಗಳಿಗೆ ಕಳುಹಿಸತಕ್ಕದ್ದು. ಬಾಯಿಮಾತಿನ ದೂರಿಗಿಂತ ತಾರೀಖು, ಸ್ಥಳ, ಪಿ.ಎಚ್. ಅಂಕಿ ಇವುಗಳುಳ್ಳ ಒಂದು ಹಾಳೆಯು ಹೆಚ್ಚು ಕೆಲಸ ಮಾಡುವುದು. ಬರುವ ಮುಂಗಾರಿನ ಮೊದಲ ಹರಿವು ಹಳ್ಳಕ್ಕೆ ಇಳಿಯುವ ಮುಂಚೆ ಶುಚಿಯಾದ ಒಂದೆರಡು ಸೀಸೆಗಳನ್ನು ಸಿದ್ಧಮಾಡಿಟ್ಟುಕೊಂಡರೆ ಈ ಕೆಲಸವು ಆರಂಭವಾದಂತಾಯಿತು.